ಎಸ್ಟೋನಿಯಾಕ್ಕೆ ಹೊತ್ತುಕೊಂಡು ಹೋದ ಟ್ರ್ಯಾಕು

ನಂಜನಗೂಡು

ನನ್ನ ಹೆಸರು ಸೌಮ್ಯ. ಹೆಸರಿಟ್ಟ ಸೋದರತ್ತೆಗೆ ನನ್ನ ಗುಣ ಆಗ ಗೊತ್ತಿರಲಿಲ್ಲ, ಪಾಪ. ಫಾರಿನ್‌ಗೆ ಹೋಗಿ ಬಂದವರೆಲ್ಲ ಅಲ್ಲಿಯ ರಸ್ತೆ ಎಷ್ಟು ಚೊಕ್ಕಟ, ಜನ ಎಷ್ಟು ಶಿಸ್ತು ಅಂತ ಬರೆಯುತ್ತಾರೆ. ರಸ್ತೆ ಚೊಕ್ಕಟವಾಗಿಯೇ ಇತ್ತು, ನಾನೇನೂ ಇಲ್ಲ ಅನ್ನುವುದಿಲ್ಲ. ಆದರೆ ಆ ಪ್ರವಾಸ ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅಲ್ಲಿಯವರ ಮೇಲಿನ ಸಿಟ್ಟಲ್ಲ, ನಮ್ಮವರ ಮೇಲಿನದು. ಈಗ ಪಿಯುಸಿಗೆ ಬೇರೆ ಕಾಲೇಜು ಸೇರಿದ್ದೇನೆ, ಹಳೇ ಸ್ಕೂಲಿನ ಟಿ.ಸಿ. ಕೈಗೆ ಬಂದಿದೆ, ಹೆದರದೆ ಬರೆಯಬಹುದು.

ಆಗ ನಾನು ಒಂಬತ್ತನೇ ಕ್ಲಾಸು. ನಮ್ಮ ಮನೆ ಹೆಡತಲೆಯಲ್ಲಿ, ಸ್ಕೂಲು ನಂಜನಗೂಡಿನಲ್ಲಿ. ಅಪ್ಪ ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾರೆ. ಅವ್ವನ ತವರು ತಿ. ನರಸೀಪುರದ ಹತ್ತಿರದ ಹಳ್ಳಿ, ಅವಳದು ಸೋಬಾನೆ ಪದ ಹೇಳುವವರ ಮನೆ. ಸೋಬಾನೆ ಅಂದರೆ ಮದುವೆಯಲ್ಲಿ ಹೆಂಗಸರು ಕೂತು ಹೇಳುವ ಪದ. ಒಬ್ಬಳು ಪದ ಎತ್ತುತ್ತಾಳೆ, ಒಂದು ಸಾಲು ಮುಗಿದ ಕೂಡಲೇ ಉಳಿದವರೆಲ್ಲ ಸೇರಿ ಸೊಲ್ಲು ಕೊಡುತ್ತಾರೆ. ಆ ಸೊಲ್ಲು ಬಂದರೇನೇ ಎತ್ತಿದವಳು ಮುಂದಿನ ಸಾಲಿಗೆ ಹೋಗುವುದು. ಬರದಿದ್ದರೆ ಪದ ಅಲ್ಲಿಗೇ ನಿಂತಿತು. ಇದರಲ್ಲಿ ನಮ್ಮ ಕಡೆ ಒಂದು ಕಟ್ಟುನಿಟ್ಟು ಇದೆ, ಪದ ಎತ್ತಿದವಳನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಅವಳ ಜೊತೆ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟ ವಾರಗಿತ್ತಿಯೂ ಮುಖ ಆ ಕಡೆ ತಿರುಗಿಸಿಕೊಂಡಾದರೂ ಸೊಲ್ಲು ಕೊಡುತ್ತಾಳೆ. ನಮ್ಮ ಚಿಕ್ಕವ್ವನ ಮದುವೆಯಲ್ಲಿ ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಅವ್ವನಿಂದ ನಾನು ಕಲಿತ ಒಂದು ಪದವನ್ನು ನಮ್ಮ ಸಂಗೀತದ ಟೀಚರು ವಸುಧಾ ಮಿಸ್ಸು ಕೇಳಿದರು. ಅವರು ದೇವಸ್ಥಾನದ ಬೀದಿಯವರು, ಶಾಸ್ತ್ರೀಯ ಸಂಗೀತ ಕಲಿತವರು, ಬಹಳ ಮೆತ್ತಗಿನ ಹೆಂಗಸು. "ಇದನ್ನ ಎಲ್ಲರಿಗೂ ಕಲಿಸೇ ಸೌಮ್ಯ" ಅಂದರು. ನಾನು ಪದ ಎತ್ತುವುದು, ತಾಂಡವಪುರದಿಂದ ಬರುತ್ತಿದ್ದ ನನ್ನ ಗೆಳತಿ ಕಾವ್ಯ ಮತ್ತು ಇನ್ನೊಂದಷ್ಟು ಹುಡುಗಿಯರು ಸೊಲ್ಲು ಕೊಡುವುದು. ಸ್ಕೂಲಿನ ವರಾಂಡದಲ್ಲಿ ಕೂತು ಹೇಳಿದ್ದನ್ನು ಮಿಸ್ಸು ಫೋನಿನಲ್ಲಿ ಹಿಡಿದು, ಎಸ್ಟೋನಿಯಾ ಎಂಬ ದೇಶದಲ್ಲಿ ನಡೆಯುವ ಮಕ್ಕಳ ಹಾಡಿನ ಉತ್ಸವಕ್ಕೆ ಕಳಿಸಿದರು. ಮಧ್ಯೆ ಬೆಲ್ಲು ಹೊಡೆದದ್ದು, ಯಾರೋ ಕೆಮ್ಮಿದ್ದು ಎಲ್ಲವೂ ಅದರಲ್ಲಿತ್ತು. ಅವರು ಅದನ್ನು ಕೇಳಿಯೇ ನಮ್ಮನ್ನು ಕರೆದರು. ಓದುವವರು ಇದೊಂದನ್ನು ಮರೆಯಬೇಡಿ, ಅವರು ನಮ್ಮನ್ನು ಕರೆದದ್ದು ನಮ್ಮ ದನಿ ಕೇಳಿ.

ಮೈಸೂರು

ಹೊರಡುವ ಮೊದಲು ನಮ್ಮನ್ನು ಸ್ಕೂಲ್ ವ್ಯಾನಿನಲ್ಲಿ ಮೈಸೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಕರೆದುಕೊಂಡು ಹೋದರು. ನಮ್ಮ ಪದ ರೆಕಾರ್ಡು ಮಾಡುತ್ತಾರೆ ಅಂತ ನಾವೆಲ್ಲ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿದ್ದೆವು. ದನಿ ರೆಕಾರ್ಡು ಮಾಡುವುದಕ್ಕೆ ತಲೆಗೆ ಸ್ನಾನ ಯಾಕೆ ಬೇಕೋ. ಅಲ್ಲಿ ನಮ್ಮನ್ನು ಹೊರಗೆ ಸೋಫಾದಲ್ಲಿ ಕೂರಿಸಿದರು. ಒಳಗೆ, ಆರ್ಕೆಸ್ಟ್ರಾದಲ್ಲಿ ಹಾಡುವ ಇಬ್ಬರು ಅಕ್ಕಂದಿರು ಹೆಡ್‌ಫೋನ್ ಹಾಕಿಕೊಂಡು ನನ್ನ ಪದ ಹಾಡಿದರು. ನನ್ನನ್ನು ಒಂದೇ ಒಂದು ಸಲ ಒಳಗೆ ಕರೆದರು, ಮೂರನೇ ಸಾಲಿನ ಮಾತು ಏನು ಅಂತ ಕೇಳುವುದಕ್ಕೆ.

ಕೀಬೋರ್ಡು, ರಿದಮ್ ಪ್ಯಾಡು, ನಡುನಡುವೆ ಕೊಳಲು. ಅದು ಮದುಮಗಳನ್ನು ಹಸೆಗೆ ಕರೆಯುವ ಪದ. ನಿಧಾನಕ್ಕೆ ಹೇಳಬೇಕು. ಹುಡುಗಿ ಏಳಬೇಕು, ಸೀರೆ ಸರಿಮಾಡಿಕೊಳ್ಳಬೇಕು, ನಾಚಿಕೊಳ್ಳಬೇಕು, ಆಮೇಲೆ ಬರಬೇಕು. ಈ ಅಕ್ಕಂದಿರು ಹಾಡಿದ ಸ್ಪೀಡಿಗೆ ಮದುಮಗಳು ಬಸ್ಸು ಹಿಡಿಯುವ ಹಾಗೆ ಓಡಿ ಬರಬೇಕಿತ್ತು.

ಸ್ಕೂಲಿನ ಸೆಕ್ರೆಟರಿ ಸರ್ ಮಾತ್ರ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು. ಸ್ಕೂಲು ಅವರದೇ, ಪ್ರವಾಸದ ಮುಂದಾಳೂ ಅವರೇ. "ರಿಸ್ಕ್ ಬೇಡ ಮಕ್ಕಳೇ" ಅಂದರು. "ಅಲ್ಲಿ ಚಳಿ. ಗಂಟಲು ಕಟ್ಕೊಂಡ್ರೆ ನಮ್ಮ ಸ್ಕೂಲಿನ ಮರ್ಯಾದೆ ಏನಾಗ್ಬೇಕು? ಇದು ಬರೀ ಸೇಫ್ಟಿಗೆ."

ನಮ್ಮ ಕಡೆಯ ಸ್ಕೂಲ್ ಡೇ ನೋಡಿದವರಿಗೆ ಇದು ಹೊಸದಲ್ಲ. ಎಲ್ಲ ಸ್ಕೂಲಲ್ಲೂ ಟ್ರ್ಯಾಕು ಹಾಕುತ್ತಾರೆ, ಮಕ್ಕಳು ಬಾಯಿ ಆಡಿಸುತ್ತಾರೆ, ಅಪ್ಪ ಅಮ್ಮಂದಿರು ವಿಡಿಯೋ ಮಾಡುತ್ತಾರೆ. ಯಾರಿಗೂ ಅದು ಮೋಸ ಅನ್ನಿಸುವುದಿಲ್ಲ. ನನಗೂ ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಮನೆಗೆ ಬಂದು ಮಿಸ್ಸು ಕಳಿಸಿದ ಟ್ರ್ಯಾಕನ್ನು ಅವ್ವನಿಗೆ ಕೇಳಿಸಿದೆ. ಅವಳು ಮುದ್ದೆ ತಿರುವುತ್ತಾ ಪೂರ್ತಿ ಕೇಳಿದಳು. "ಚೆಂದಾಗೈತೆ. ಯಾರ್ ಮನೆ ಮದ್ವೇದು?" ಅಂದಳು.

ಅದು ಅವಳೇ ಕಲಿಸಿದ ಪದ ಅಂತ ಹೇಳುವುದಕ್ಕೆ ನನಗೆ ಮನಸ್ಸಾಗಲಿಲ್ಲ.

ತಾಲಿನ್

ವಿಮಾನದ ವಿಷಯ ನಾನು ಬರೆಯುವುದಿಲ್ಲ. ಕಾವ್ಯ ಹತ್ತಿದಾಗಿನಿಂದ ಇಳಿಯುವವರೆಗೂ ವಾಂತಿ ಮಾಡಿಕೊಂಡಳು, ಅದರಲ್ಲಿ ಬರೆಯುವಂಥದ್ದೇನಿದೆ. ಆದರೆ ನಡುವೆ ವಿಮಾನ ಬದಲಿಸುವ ಜಾಗದಲ್ಲಿ ನನ್ನ ಚೀಲ ತೆಗೆಸಿದರು. ಒಳಗೆ ಅವ್ವ ಕೊಟ್ಟ ರಾಗಿ ಹುರಿಹಿಟ್ಟಿನ ಡಬ್ಬಿ. "ಅಲ್ಲಿ ಏನ್ ಸಿಕ್ಕುತ್ತೋ ಏನೋ, ಮಜ್ಜಿಗೇಲಿ ಕಲಸ್ಕಂಡು ಕುಡುದ್ರೆ ಒಟ್ಟೆ ತಣ್ಣಗಿರ್ತದೆ" ಅಂತ ಬಟ್ಟೆಯ ಮಧ್ಯೆ ತುರುಕಿದ್ದಳು. ಅಧಿಕಾರಿ ಡಬ್ಬಿ ತೆಗೆದು ಮೂಸಿ ನೋಡಿದ, ಒಂದು ಕಾಗದದಿಂದ ಒರೆಸಿ ಯಂತ್ರಕ್ಕೆ ಹಾಕಿದ, ಸರಿ ಅಂತ ವಾಪಸ್ ಕೊಟ್ಟ. ಅವನಿಗಿಂತ ಜೋರಾಗಿ ಕೂಗಾಡಿದ್ದು ನಮ್ಮ ಸೆಕ್ರೆಟರಿ ಸರ್. "ಹಿಟ್ಟು ತರ್ತಾರೇನಮ್ಮಾ ಫಾರಿನ್‌ಗೆ? ಮಾನ ಕಳೀತೀಯಲ್ಲ!" ಅಂದರು. ಅವರ ಸೂಟ್‌ಕೇಸಿನಲ್ಲಿ ಮೈಸೂರು ಪೇಟಗಳೂ ಶಾಲುಗಳೂ ಸ್ಕೂಲಿನ ಹೆಸರು ಬರೆದ ಬ್ಯಾನರೂ ಇದ್ದವು. ಮಾನ ಇರುವುದು ಅವುಗಳಲ್ಲಿ ಅಂತ ಕಾಣುತ್ತದೆ.

ತಾಲಿನ್ ಎಸ್ಟೋನಿಯಾದ ರಾಜಧಾನಿ. ಅಲ್ಲಿ ಬಸ್ ಸ್ಟಾಪಿನಲ್ಲಿ ನಿಂತ ಜನರನ್ನು ನೋಡಿ ಕಾವ್ಯ, "ಇವರೆಲ್ಲ ಜಗಳ ಆಡಿದ್ದಾರೇನೇ?" ಅಂತ ಕೇಳಿದಳು. ಒಬ್ಬರಿಂದ ಒಬ್ಬರು ಒಂದೊಂದು ಮಾರು ದೂರ. ಯಾರೂ ಮಾತಾಡುವುದಿಲ್ಲ, ಯಾರೂ ಯಾರನ್ನೂ ಯಾವ ಊರು ಅಂತ ಕೇಳುವುದಿಲ್ಲ. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಇಷ್ಟು ಹೊತ್ತಿಗೆ ನಮ್ಮ ಜಾತಕವೇ ಹೊರಗೆ ಬರುತ್ತಿತ್ತು. ಬಸ್ಸು ಬಂದಾಗಲೂ ಯಾರೂ ನುಗ್ಗಲಿಲ್ಲ. ನಾವು ನುಗ್ಗಿದೆವು, ಅಭ್ಯಾಸ. ಒಳಗೆ ಹೋಗಿ ನೋಡಿದರೆ ಅರ್ಧ ಬಸ್ಸು ಖಾಲಿ. ಕಿಟಕಿ ಪಕ್ಕ ಸೀಟಿಗೆ ಕರ್ಚೀಫು ಹಾಕಿದ್ದ ಕಾವ್ಯ ಮೆತ್ತಗೆ ಅದನ್ನು ತೆಗೆದುಕೊಂಡಳು.

ವೊರು

ಉತ್ಸವ ಇದ್ದದ್ದು ದಕ್ಷಿಣದ ಕಡೆ, ವೊರು ಎಂಬ ಸಣ್ಣ ಊರಿನಲ್ಲಿ. ಒಂದು ಕೆರೆ, ಒಂದು ಚರ್ಚು, ಮರದ ಮನೆಗಳು, ತುಂಬ ಗಾಳಿ. ಒಂದೊಂದು ಮನೆಗೆ ಇಬ್ಬಿಬ್ಬರು ಮಕ್ಕಳನ್ನು ಹಂಚಿದರು. ನನಗೂ ಕಾವ್ಯಳಿಗೂ ಸಿಕ್ಕಿದ್ದು ಮಾರೆ ಎಂಬ ಅಜ್ಜಿಯ ಮನೆ. ಗಟ್ಟಿಮುಟ್ಟಾದ ಹೆಂಗಸು, ಇಂಗ್ಲಿಷು ನಮ್ಮಷ್ಟೇ. ಅಂದರೆ ಇಬ್ಬರಿಗೂ ಬರುವುದಿಲ್ಲ, ಇಬ್ಬರಿಗೂ ಅರ್ಥವಾಗುತ್ತದೆ.

ಬಾಗಿಲಲ್ಲಿ ನಾವು ಚಪ್ಪಲಿ ಬಿಟ್ಟದ್ದನ್ನು ನೋಡಿ ಅಜ್ಜಿಗೆ ಬಲು ಖುಷಿ. ಅವರ ಮನೆಯಲ್ಲೂ ಚಪ್ಪಲಿ ಹೊರಗೇ ಬಿಡಬೇಕು. ಊಟಕ್ಕೆ ಕಪ್ಪು ಬ್ರೆಡ್ಡು, ಮೀನು ಇಟ್ಟರು. ನಾವು ಮಾಂಸ ಮೀನು ತಿನ್ನದ ಮನೆಯವರು. ಕೈಸನ್ನೆ, ಬಾಯಿಸನ್ನೆ ಎಲ್ಲ ಮಾಡಿ ಹೇಳಿದ ಮೇಲೆ ಒಂದು ಲೋಟ ಹುಳಿ ಹಾಲು ಕೊಟ್ಟರು. ಕುಡಿದು ನೋಡಿದರೆ ಅಪ್ಪಟ ಮೊಸರು! ನಾನು ಓಡಿಹೋಗಿ ಹುರಿಹಿಟ್ಟಿನ ಡಬ್ಬಿ ತಂದು ಕಲಸಿದೆ. ಅಜ್ಜಿ ಬೆರಳಲ್ಲಿ ಅದ್ದಿ ರುಚಿ ನೋಡಿ ದೊಡ್ಡದಾಗಿ ನಕ್ಕರು. ಅಟ್ಟದಿಂದ ತಮ್ಮದೇ ಒಂದು ಡಬ್ಬಿ ಇಳಿಸಿದರು. ಅದರಲ್ಲೂ ಹುರಿದು ಬೀಸಿದ ಹಿಟ್ಟು! ಅದರ ಹೆಸರು ಕಮಾ ಅಂತೆ. ಬಾರ್ಲಿ, ಬಟಾಣಿ, ಇನ್ನೇನೇನೋ ಹಾಕುತ್ತಾರೆ, ಹುಳಿ ಹಾಲಿನಲ್ಲಿ ಕಲಸಿ ಕುಡಿಯುತ್ತಾರೆ. ಸೆಕ್ರೆಟರಿ ಸರ್ ಆಗ ಅಲ್ಲಿರಬೇಕಿತ್ತು ಅಂತ ನನಗೆ ತುಂಬ ಅನ್ನಿಸಿತು.

ಮರುದಿನ ಅಜ್ಜಿ ಹಿತ್ತಲಿನ ಸೌನಾ ಕಾಯಿಸಿದರು. ಅದು ಮರದ ಸಣ್ಣ ಕೋಣೆ, ಒಳಗೆ ಕಾದ ಕಲ್ಲು, ನೀರು ಸುರಿದರೆ ಹಬೆ. ಬಟ್ಟೆ ಬಿಚ್ಚಿ ಒಳಗೆ ಬನ್ನಿ ಅಂತ ಅಜ್ಜಿ ಅಂದಾಗ ನಾವಿಬ್ಬರೂ ನೈಟಿಯ ಮೇಲೆ ಟವೆಲ್ಲು ಹೊದ್ದುಕೊಂಡು ಹೋದೆವು. ಮನುಷ್ಯರು ಇಡ್ಲಿಯಂತೆ ಬೇಯುವ ಜಾಗ ಅದು. ಆಮೇಲೆ ಅಜ್ಜಿ ಎಲೆ ಇರುವ ಕೊಂಬೆಗಳ ಕಟ್ಟು ತೆಗೆದುಕೊಂಡು ನಮ್ಮ ಬೆನ್ನಿಗೆ ಪಟಪಟ ಬಡಿಯತೊಡಗಿದರು. ಕಾವ್ಯ "ಅಯ್ಯಪ್ಪಾ, ದೆವ್ವ ಬಿಡಿಸ್ತಾವ್ರೆ ಕಣೇ!" ಅಂತ ಕಿರುಚಿ ಬಾಗಿಲಿಗೆ ಓಡಿದಳು. ಮೈನೋವು ಹೋಗುವುದಕ್ಕೆ ಹಾಗೆ ಬಡಿಯುತ್ತಾರಂತೆ. ಹೋಗಿದ್ದೂ ನಿಜ.

ಸೌನಾದಿಂದ ಬಂದು ಅಡುಗೆಮನೆಯಲ್ಲಿ ಕೂತಾಗ ಅಜ್ಜಿ ಹಾಡು ಅಂದರು. ನಾನು ಪದ ಎತ್ತಿದೆ, ಕಾವ್ಯ ಸೊಲ್ಲು ಕೊಟ್ಟಳು. ಅಜ್ಜಿ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದರು. ಅವರ ಊರ ಕಡೆಯ ಹಳೇ ಹಾಡುಗಳೂ ಹೀಗೇ ಅಂತೆ, ಒಬ್ಬಳು ಒಂದು ಸಾಲು ಹಾಡುತ್ತಾಳೆ, ಉಳಿದವರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ಅವರ ಅಮ್ಮ ಹಾಗೆ ಹಾಡುತ್ತಿದ್ದರಂತೆ. ಆಮೇಲೆ ದಿನಾ ಸಂಜೆ ನಾನು ಎತ್ತುವುದು, ಅಜ್ಜಿ ಚಾಕು ಹಿಡಿದುಕೊಂಡೇ ನನ್ನ ಸಾಲನ್ನು ತಿರುಗಿ ಹೇಳುವುದು. ಮಾತೆಲ್ಲ ತಪ್ಪು, ರಾಗ ಸರಿ. ಅಷ್ಟು ಖುಷಿಯಾಗಿ ನಾನು ನಮ್ಮ ಸ್ಕೂಲಿನಲ್ಲಿ ಯಾವತ್ತೂ ಹಾಡಿರಲಿಲ್ಲ.

ಹಾಡಿನ ಹಾಲ್

ಉತ್ಸವದ ಹಾಲ್ ಹಳೇ ಕಾಲದ್ದು, ಎತ್ತರದ ಚಾವಣಿ. ನಮಗಿಂತ ಮೊದಲು ಹಾಡಿದ ಮಕ್ಕಳು ಸುಮ್ಮನೆ ಬಂದು ಸಾಲಾಗಿ ನಿಂತರು. ಅವರ ಟೀಚರು ಒಂದು ಸಣ್ಣ ಕಬ್ಬಿಣದ ಕವೆಯನ್ನು ಮಂಡಿಗೆ ಬಡಿದು ಶ್ರುತಿ ಕೊಟ್ಟರು, ಮಕ್ಕಳು ಬಾಯಿ ತೆರೆದರು, ಅಷ್ಟೇ. ಮೈಕಿಲ್ಲ, ಸ್ಪೀಕರಿಲ್ಲ. ಕೊನೆಯ ಬೆಂಚಿನಲ್ಲಿ ಕೂತ ನನಗೆ ಒಬ್ಬ ಹುಡುಗಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಇಲ್ಲಿ ಪದ ಎತ್ತಿದರೆ ಹೇಗಿರುತ್ತದೆ ಅಂತ ಆಗಲೇ ಗಂಟಲು ಸರಿಮಾಡಿಕೊಂಡೆ.

ನಮ್ಮ ಸರದಿ ಬಂತು. ಸೆಕ್ರೆಟರಿ ಸರ್ ವೇದಿಕೆಗೆ ಹೋಗಿ ಉತ್ಸವದ ಮುಖ್ಯಸ್ಥನಿಗೆ, ಅವನೊಬ್ಬ ತೆಂಗಿನ ಮರದಷ್ಟು ಉದ್ದನೆಯ ಮನುಷ್ಯ, ಪೇಟ ತೊಡಿಸಿ ಶಾಲು ಹೊದಿಸಿದರು. ಆಮೇಲೆ ಎರಡೂ ಕೈಯಲ್ಲಿ ಪೆನ್‌ಡ್ರೈವು ಕೊಟ್ಟರು. ಅವನು ಅದೂ ಒಂದು ಕಾಣಿಕೆ ಅಂತ ತಿಳಿದು, ಎದೆಗೆ ಕೈ ಇಟ್ಟು ಬಗ್ಗಿ, ಜೇಬಿಗೆ ಹಾಕಿಕೊಂಡ. "ಈಗ ಹಾಡಿ" ಅಂದ. ಸೆಕ್ರೆಟರಿ ಸರ್ ಅವನ ಜೇಬು ತೋರಿಸಿದರು. ಅವನಿಗೆ ಅರ್ಥವಾಗಲಿಲ್ಲ. ಹಾಡು ಅದರಲ್ಲಿದೆ ಅಂತ ಇವರು ವಿವರಿಸಿದರು. ಅವನು ನಮ್ಮ ಕಡೆ ನೋಡಿದ. "ಆದರೆ ಮಕ್ಕಳು ಇಲ್ಲೇ ಇದ್ದಾರಲ್ಲ?" ಅಂದ.

ಹಾಲ್‌ನಲ್ಲಿ ಟ್ರ್ಯಾಕು ಹಾಕುವ ಯಂತ್ರವೇ ಇರಲಿಲ್ಲ. ಒಳ್ಳೇದೇ ಆಯಿತು ಅಂದುಕೊಂಡು ನಾನು ಎದ್ದು ನಿಂತೆ. "ಸರ್, ನಾವೇ ಹಾಡ್ತೀವಿ ಸರ್. ಪ್ರಾಕ್ಟೀಸ್ ಆಗಿದೆ" ಅಂದೆ.

"ಸುಮ್ನಿರಮ್ಮ ನೀನು" ಅಂದರು. "ಇಲ್ಲಿ ಇಂಟರ್‌ನ್ಯಾಷನಲ್ ಜನ ಬಂದಿದ್ದಾರೆ. ನಿಮ್ಮ ಹಳ್ಳಿ ರಾಗ ತೆಗೆದ್ರೆ ನಗ್ತಾರೆ."

ಆ ಮಾತು ನನಗೆ ಎಲ್ಲಿ ನಾಟಿತು ಅಂತ ಬರೆಯಲು ಬರುವುದಿಲ್ಲ. ಆ ಹಳ್ಳಿ ರಾಗ ಕೇಳಿಯೇ ತಾನೇ ಅವರು ಕರೆದದ್ದು? ಆ ರಾಗದ ಬೆನ್ನೇರಿಕೊಂಡೇ ತಾನೇ ಇವರೂ ವಿಮಾನ ಹತ್ತಿದ್ದು? ನಾನು ವಸುಧಾ ಮಿಸ್ಸಿನ ಮುಖ ನೋಡಿದೆ. ಅವರು ಕೈಬಳೆ ನೋಡಿಕೊಳ್ಳುತ್ತಿದ್ದರು. ಶಾಸ್ತ್ರೀಯ ಸಂಗೀತ ಅಷ್ಟು ವರ್ಷ ಕಲಿತವರು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಹಾಲ್‌ನಲ್ಲಿ ಆಗದಿದ್ದರೆ ಸಂಜೆ ಪಾರ್ಕಿನಲ್ಲಿ ಸ್ಪೀಕರು ಇರುವ ಸ್ಟೇಜು ಇದೆ, ಅಲ್ಲಿ ನೃತ್ಯ ಮಾಡಬಹುದು ಅಂತ ಆ ಉದ್ದನೆಯ ಮನುಷ್ಯ ಬಹಳ ನಯವಾಗಿ ಹೇಳಿದ. ಸೆಕ್ರೆಟರಿ ಸರ್ ಗೆದ್ದವರ ಹಾಗೆ ಕೆಳಗಿಳಿದು ಬಂದರು.

ಪಾರ್ಕು

ಪಾರ್ಕಿನಲ್ಲಿ ನಮ್ಮ ಕೈಗೆ ತಂತಿಯೇ ಇಲ್ಲದ, ಬ್ಯಾಟರಿಯೂ ಇಲ್ಲದ ಮೈಕು ಕೊಟ್ಟರು. ರೇಷ್ಮೆ ಲಂಗ, ಮಲ್ಲಿಗೆ ಸಿಗದೆ ಪ್ಲಾಸ್ಟಿಕ್ ಹೂವು. ಟ್ರ್ಯಾಕು ಶುರುವಾಯಿತು. ಆರ್ಕೆಸ್ಟ್ರಾ ಅಕ್ಕ ಹಾಡಿದಳು, ನಾನು ಬಾಯಿ ತೆರೆದೆ, ಮುಚ್ಚಿದೆ. ಕೊಳಲು ಬಂದಾಗ ಕೈ ಬೀಸಿ ಸುತ್ತಿದೆವು. ಮೊದಲ ಸಾಲಿನಲ್ಲಿ ಮಾರೆ ಅಜ್ಜಿ ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದು ಕೂತಿದ್ದರು, ನನ್ನ ಪದ ಕೇಳಿಸುವುದಕ್ಕೆ. ಮೊದಲ ಸಾಲು ಮುಗಿಯುವ ಹೊತ್ತಿಗೆ ತಿರುಗಿ ಹೇಳಲು ಅವರು ಬಾಯಿ ತೆರೆದರು. ಟ್ರ್ಯಾಕು ಅವರಿಗೆ ಜಾಗವನ್ನೇ ಬಿಡದೆ ಮುಂದಕ್ಕೆ ಓಡಿತು. ಅಜ್ಜಿ ಬಾಯಿ ಮುಚ್ಚಿ ನನ್ನ ತುಟಿಗಳನ್ನೇ ನೋಡುತ್ತಾ ಕೂತರು. ಹಾಡು ಮುಗಿಯುವವರೆಗೂ ನಾನು ಅವರ ಕಡೆ ನೋಡಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಅಲ್ಲಿಯವರು ತುಂಬ ಮರ್ಯಾದಸ್ಥರು. ಮನೆಗೆ ನಡೆದು ಬರುವಾಗ ಅಜ್ಜಿ, "ಅದು ನಿನ್ನ ದನಿಯಲ್ಲ" ಅಂದರು. ಅಲ್ಲ ಅಂದೆ. "ಯಾಕೆ? ಹುಷಾರಿಲ್ಲವಾ?" ಅಂತ ಕೇಳಿ ನನ್ನ ಹಣೆ ಮುಟ್ಟಿ ನೋಡಿದರು. ಅವರಿಗೆ ಹೊಳೆದದ್ದು ಅದೊಂದೇ ಕಾರಣ. ಹುಷಾರಾಗಿರುವ ಮಗುವಿನ ಬಾಯಿಗೆ ಬೇರೆಯವರ ದನಿ ಹಾಕುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ನನಗೆ ಬರುವ ಇಂಗ್ಲಿಷಿನಲ್ಲಿ ಸಿಟ್ಟಿನ ಮಾತುಗಳು ಕಮ್ಮಿ. ಕೆರೆಯ ದಂಡೆಯಲ್ಲಿ ನಿಂತು ಪ್ಲಾಸ್ಟಿಕ್ ಹೂವು ಕಿತ್ತು ಬಿಸಾಡಲು ಹೋದೆ. ಅಜ್ಜಿ ಅದನ್ನು ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು, ಅಲ್ಲಿ ಕೆರೆಗೆ ಕಸ ಹಾಕುವ ಹಾಗಿಲ್ಲವಂತೆ. ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡದ ಊರು.

ಊಟದ ಮೇಜು

ಕೊನೆಯ ಸಂಜೆ ಎಲ್ಲ ದೇಶದ ಮಕ್ಕಳಿಗೂ ಮನೆ ಕೊಟ್ಟವರಿಗೂ ಒಟ್ಟಿಗೆ ಊಟ. ಉದ್ದುದ್ದ ಮೇಜು, ಆಲೂಗಡ್ಡೆ, ಬೀಟ್‌ರೂಟು, ಕಪ್ಪು ಬ್ರೆಡ್ಡು. ಸಂಜೆ ಅಂದರೆ ಮಧ್ಯಾಹ್ನದಂಥ ಬಿಸಿಲು, ಆ ಕಾಲದಲ್ಲಿ ಅಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸೇ ಇರುವುದಿಲ್ಲ. ಆ ಉತ್ಸವದಲ್ಲಿ ಒಂದು ರೂಢಿ, ಊಟ ಮುಗಿಸಿ ಏಳುವ ಮೊದಲು ಪ್ರತಿ ತಂಡವೂ ಕೂತಲ್ಲಿಂದಲೇ ಎದ್ದು ಅನ್ನ ಹಾಕಿದವರಿಗೆ ಒಂದು ಹಾಡು ಹೇಳಬೇಕು. ಸ್ಟೇಜಿಲ್ಲ, ಮೈಕಿಲ್ಲ.

ನಮ್ಮ ಸರದಿಗೆ ಸೆಕ್ರೆಟರಿ ಸರ್ ತಾವೇ 'ಥ್ಯಾಂಕ್ಸ್' ಭಾಷಣ ಶುರುಮಾಡಿದರು. ನಮ್ಮ ಸ್ಕೂಲಿನ ಬಿಲ್ಡಿಂಗು, ಸ್ಮಾರ್ಟ್ ಕ್ಲಾಸು, ಅಬಾಕಸ್ಸು ಎಲ್ಲ ಅದರಲ್ಲಿ ಬಂತು. ನಮಗೆ ಹೇಳಿದ್ದು ಇಷ್ಟೇ, ಕೊನೆಯಲ್ಲಿ ಎಲ್ಲರೂ ಎದ್ದು ಕೈಮುಗಿದು ನಮಸ್ತೆ ಅನ್ನಬೇಕು, ಬೇರೆ ಏನೂ ಮಾಡಬಾರದು. ಎದ್ದೆವು, ಅಂದೆವು. ಎಲ್ಲರೂ ಕೂತರು. ನಾನು ಕೂರಲಿಲ್ಲ.

ಪದ ಎತ್ತಿದೆ.

ಮೊದಲ ಸಾಲು ಮುಗಿಯಿತು. ಸೊಲ್ಲು ಬರಲಿಲ್ಲ. ಕಾವ್ಯ ತಟ್ಟೆಯೊಳಗಿನ ಆಲೂಗಡ್ಡೆ ನೋಡುತ್ತಿದ್ದಳು. ಉಳಿದವರು ಸೆಕ್ರೆಟರಿ ಸರ್ ಮುಖ ನೋಡುತ್ತಿದ್ದರು. ಅಷ್ಟು ಜನರ ಮಧ್ಯೆ ನಾನೊಬ್ಬಳೇ ಬಾಯಿ ತೆರೆದು ನಿಂತಿದ್ದೆ. ಸೊಲ್ಲಿಲ್ಲದೆ ಮುಂದೆ ಹೋಗುವುದು ನನಗೆ ಬರುವುದಿಲ್ಲ, ಅವ್ವ ಹಾಗೆ ಕಲಿಸಿಲ್ಲ. ನಮ್ಮ ಕಡೆ ಎಂಥ ಹಗೆಯವರೂ ಮಾಡದ ಕೆಲಸವನ್ನು ನನ್ನ ಜೊತೆ ವ್ಯಾನಿನಲ್ಲಿ ಓಡಾಡಿದ ಹುಡುಗಿಯರು ಮಾಡಿದರು. ನನಗೆ ಅಳು ಬರಲಿಲ್ಲ, ತಟ್ಟೆ ಎತ್ತಿ ಎಸೆಯುವಷ್ಟು ಕೋಪ ಬಂತು.

ಆಗ ಎದುರಿನ ಮೇಜಿನಿಂದ ಮಾರೆ ಅಜ್ಜಿ ಎದ್ದರು. ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟು, ನನ್ನ ಸಾಲನ್ನು ಪೂರ್ತಿ ತಿರುಗಿ ಹೇಳಿದರು. ಒಂದು ಮಾತೂ ಸರಿಯಿಲ್ಲ. ದನಿ ಒಡೆದ ಮಡಕೆ. ಆದರೆ ನಿಧಾನ ಸರಿಯಾಗಿತ್ತು. ಮದುಮಗಳು ಎದ್ದು ಸೀರೆ ಸರಿಮಾಡಿಕೊಳ್ಳುವಷ್ಟು ನಿಧಾನ.

ನಾನು ಕಾವ್ಯಳ ಕಡೆ ತಿರುಗಿದೆ. "ಥೂ ನಿಮ್ಮ. ಗುರುತು ಪರಿಚಯ ಇಲ್ದೋರು ಕೊಟ್ರಲ್ಲೇ, ನಿಮಗೇನ್ ಬಂದಿತ್ತೇ ರೋಗ?" ಅಂತ ಜೋರಾಗಿಯೇ ಬೈದೆ. ಬೈದ ಉಸಿರಲ್ಲೇ ಎರಡನೇ ಸಾಲು ಎತ್ತಿದೆ. ಈ ಸಲ ಕಾವ್ಯ ಸೊಲ್ಲು ಕೊಟ್ಟಳು. ತಲೆ ಮಾತ್ರ ಎತ್ತಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸೇರಿದರು. ಮೂರನೇ ಸಾಲಿಗೆ ಆ ಊರಿನ ಹೆಂಗಸರೂ ಸೇರಿದರು, ಅವರಿಗೆ ಇದರ ಪದ್ಧತಿ ಗೊತ್ತಿತ್ತಲ್ಲ. ಪೂರ್ತಿ ಪದ ಹೇಳಿ ಕೂತೆ.

ವಸುಧಾ ಮಿಸ್ಸು ಕಣ್ಣು ಒರೆಸಿಕೊಳ್ಳುತ್ತಾ ಮೊದಲಿನಿಂದ ಕೊನೆಯವರೆಗೂ ಫೋನಿನಲ್ಲಿ ವಿಡಿಯೋ ಹಿಡಿದಿದ್ದರು. ಸೆಕ್ರೆಟರಿ ಸರ್ ಜನ ಎದ್ದು ನಿಂತದ್ದನ್ನು ನೋಡಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಪಕ್ಕದವರಿಗೆ ತಮ್ಮ ಕಾರ್ಡು ಹಂಚಿದರು.

ತಿ. ನರಸೀಪುರ

ಇಲ್ಲಿಗೆ ಮುಗಿದಿದ್ದರೆ ನಾನೂ ರಸ್ತೆ ಚೊಕ್ಕಟ ಅಂತ ಬರೆದು ಸುಮ್ಮನಾಗುತ್ತಿದ್ದೆ.

ವಾಪಸ್ ಬಂದ ಸ್ವಲ್ಪ ದಿನಕ್ಕೆ ತಿ. ನರಸೀಪುರದ ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ಸನ್ಮಾನ ಇಟ್ಟುಕೊಂಡರು. ನಂಜನಗೂಡಿನ ಸ್ಕೂಲಿಗೆ ಅಲ್ಲಿ ಯಾಕೆ ಸನ್ಮಾನ ಅಂದರೆ, ಸೆಕ್ರೆಟರಿ ಸರ್ ಅಲ್ಲಿ ಹೊಸ ಬ್ರಾಂಚು ತೆರೆಯುತ್ತಿದ್ದರು. ಬಾಗಿಲಲ್ಲಿ ಅಡ್ಮಿಷನ್ ಶುರುವಾಗಿದೆ ಅನ್ನುವ ಬ್ಯಾನರು, ಅದರಲ್ಲಿ ಬಾಯಿ ತೆರೆದ ನನ್ನ ಫೋಟೋ. ಅವ್ವನ ತವರಿನ ಹೆಂಗಸರೆಲ್ಲ ನೋಡುವುದಕ್ಕೆ ಬಂದಿದ್ದರು. ಹುಡುಗಿಯರೆಲ್ಲ ಸ್ಕೂಲಿನವರು ಮೊದಲೇ ಹೊದಿಸಿದ ಶಾಲಿನಲ್ಲಿ ವೇದಿಕೆಯ ಮೇಲೆ ಕೂತರು, ನಾನು ಸನ್ಮಾನಕ್ಕೆ ಕರೆದಾಗ ಬರುತ್ತೇನೆ ಅಂತ ಹೇಳಿ ಕೆಳಗೆ ಅವ್ವನ ಪಕ್ಕ ಕೂತೆ.

ದೊಡ್ಡ ಪರದೆಯಲ್ಲಿ ವಿಡಿಯೋ ಹಾಕಿದರು. ಆ ಊಟದ ಮೇಜು, ಆ ಬಿಸಿಲು, ಎದ್ದು ನಿಂತ ನಾನು. ಬಾಯಿ ತೆರೆದೆ. ಕೀಬೋರ್ಡು ಬಂತು, ರಿದಮ್ ಪ್ಯಾಡು ಬಂತು, ಆರ್ಕೆಸ್ಟ್ರಾ ಅಕ್ಕ ಬಂದಳು. ನಮ್ಮ ವಿಡಿಯೋದಲ್ಲಿದ್ದ ದನಿಯೆಲ್ಲ ಒರೆಸಿ ಹಾಕಿ, ಅದರ ಮೇಲೆ ಟ್ರ್ಯಾಕು ಕೂರಿಸಿದ್ದರು. ಫಾರಿನ್ ಅಜ್ಜಿ ನಮ್ಮ ಹಾಡು ಹಾಡುವುದು ನೋಡಲು ಚೆನ್ನಾಗಿದೆ ಅಂತ ಮಾರೆ ಅಜ್ಜಿಯ ಮುಖವನ್ನು ಪರದೆ ತುಂಬ ದೊಡ್ಡದು ಮಾಡಿದ್ದರು. ಅಜ್ಜಿ ಬ್ರೆಡ್ಡು ಕೆಳಗಿಟ್ಟು ಬಾಯಿ ತೆರೆದರೆ ಮೈಸೂರಿನ ಸ್ಟುಡಿಯೋದ ದನಿ ಬಂತು. ಜನ ಚಪ್ಪಾಳೆ ತಟ್ಟಿದರು.

ಅವ್ವ ನನ್ನ ಕಡೆ ಬಾಗಿದಳು. "ಬಾಯೇನೋ ನಿಂದೇಯ. ದನಿ ಯಾವಮ್ಮಂದವ್ವ?"

ನಾನು ಎದ್ದು ಹೋಗಿ ವೇದಿಕೆಯ ಪಕ್ಕ ನಿಂತಿದ್ದ ವಸುಧಾ ಮಿಸ್ಸನ್ನು ಹಿಡಿದೆ. "ನಾನೇನು ಮಾಡ್ಲೇ?" ಅಂದರು. "ತಟ್ಟೆ ಲೋಟದ ಶಬ್ದ ಜಾಸ್ತಿ ಇದೆ, ನೀನು ಬೈಯೋದೂ ಕೇಳ್ಸತ್ತೆ, ಆ ಅಜ್ಜಿ ಬೇರೆ ತಪ್ಪು ತಪ್ಪು ಹೇಳ್ತಾರೆ ಅಂತ ಸರ್ ಒಪ್ಪಲಿಲ್ಲ. ಹೋಗ್ಲಿ ಬಿಡೇ, ಎಲ್ಲರೂ ಖುಷಿಯಾಗಿದ್ದಾರೆ." ನನ್ನ ದನಿ ತೆಗೆದದ್ದಕ್ಕೆ ನನಗೆ ಸಿಟ್ಟು ಇದ್ದೇ ಇತ್ತು. ಆದರೆ ಆ ಅಜ್ಜಿಯ ದನಿ? ನಮ್ಮವರು ಯಾರೂ ಕೊಡದಾಗ ಕೊಟ್ಟ ಒಂದು ಸೊಲ್ಲನ್ನು ಇವರು ಕಸ ಅಂತ ಗುಡಿಸಿ ಹಾಕಿದ್ದರು.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬಂದರು. ನಮ್ಮ ಕಡೆಯ ಮುಖ್ಯ ಅತಿಥಿಗಳು ಅರ್ಧ ಕಾರ್ಯಕ್ರಮ ಮುಗಿದ ಮೇಲೇ ಬರುವುದು. ಅವರಿಗಾಗಿ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕುತ್ತೇವೆ ಅಂತ ಮೈಕಿನಲ್ಲಿ ಹೇಳಿದರು. ನಾನು ನೆಟ್ಟಗೆ ಸೌಂಡ್ ಸರ್ವಿಸಿನ ಸಿದ್ದರಾಜಣ್ಣನ ಟೇಬಲ್ಲಿಗೆ ಹೋದೆ. ನಮ್ಮ ಸ್ಕೂಲ್ ಡೇಗಳಿಗೆಲ್ಲ ಟ್ರ್ಯಾಕು ಹಾಕುತ್ತಿದ್ದವನು ಅವನೇ.

"ಅಣ್ಣ, ವಿಡಿಯೋದ ಸೌಂಡ್ ತೆಗ್ದಾಕು."

"ಯಾಕ್ ಮಗ? ಚೆಂದಾಗ್ ಬತ್ತಾ ಅದಲ್ಲ?"

"ಅದ್ರಲ್ಲಿ ಬಾಯ್ ಬಿಡ್ತಿರೋಳು ನಾನು. ಆಡ್ತಿರೋಳು ಬ್ಯಾರೆಯೋಳು."

ಅವನು ಪರದೆ ನೋಡಿದ, ನನ್ನ ಮುಖ ನೋಡಿದ. ಒಂದು ಗುಂಡಿಯನ್ನು ಮೆತ್ತಗೆ ಕೆಳಗಿಳಿಸಿದ. "ಕೇಳುದ್ರೆ ಲೂಸ್ ಕನೆಕ್ಸನ್ ಅಂತೀನಿ. ಓಗು" ಅಂದ.

ಪರದೆಯ ಮೇಲೆ ನಾನು ಎದ್ದು ನಿಂತೆ. ಮಂಟಪದ ನಡುವೆ, ಕುರ್ಚಿಗಳ ದಾರಿಯಲ್ಲಿ ನಾನು ನಿಂತೇ ಇದ್ದೆ. ಅಲ್ಲಿ ನನ್ನ ಬಾಯಿ ತೆರೆದದ್ದೇ ಇಲ್ಲಿ ಪದ ಎತ್ತಿದೆ. ನಿಧಾನಕ್ಕೆ, ಅವ್ವ ಕಲಿಸಿದಷ್ಟೇ ನಿಧಾನಕ್ಕೆ. ಮೊದಲ ಸಾಲು ಮುಗಿಯಿತು. ಪರದೆಯ ಮೇಲೆ ಹುಡುಗಿಯರು ತಟ್ಟೆ ನೋಡುತ್ತಾ ಕೂತಿದ್ದರು, ಬಾಯಿ ಮುಚ್ಚಿಕೊಂಡು. ಅದೇ ಹುಡುಗಿಯರು ವೇದಿಕೆಯ ಮೇಲೆ ಶಾಲು ಹೊದ್ದು ಅದನ್ನು ನೋಡುತ್ತಿದ್ದರು. ಅವರು ಸೊಲ್ಲು ಕೊಡದೆ ಕೂತದ್ದನ್ನು ಟ್ರ್ಯಾಕು ಮುಚ್ಚಿಟ್ಟಿತ್ತು, ಈಗ ಅದು ಮಂಟಪಕ್ಕೆಲ್ಲ ಗೊತ್ತಾಯಿತು. ಆಮೇಲೆ ಮಾರೆ ಅಜ್ಜಿ ಬ್ರೆಡ್ಡು ಕೆಳಗಿಟ್ಟು ಪರದೆ ತುಂಬ ಬಾಯಿ ತೆರೆದರು. ದನಿಯೇ ಇಲ್ಲ.

ಅವ್ವ ಎದ್ದು ನಿಂತಳು. ಸಿಟ್ಟಿಗೆ ನಾನು ಮನೆಯಲ್ಲಿ ಪ್ರವಾಸದ ಮಾತೇ ಎತ್ತಿರಲಿಲ್ಲ, ಆ ಅಜ್ಜಿ ಯಾರು, ಯಾವ ಊರು, ಏನೂ ಅವಳಿಗೆ ಗೊತ್ತಿರಲಿಲ್ಲ. ಒಬ್ಬಳು ಮುದುಕಿ ಸೊಲ್ಲು ಕೊಡುವುದಕ್ಕೆ ಬಾಯಿ ತೆರೆದು ನಿಂತಿದ್ದು ಮಾತ್ರ ಕಾಣಿಸಿತು. ಅವ್ವ ಪರದೆಯ ಕಡೆಗೇ ನೋಡುತ್ತಾ, ಆ ತುಟಿ ಆಡಿದ ಹಾಗೆಲ್ಲ ಸೊಲ್ಲು ಕೊಟ್ಟಳು. ಅವಳ ತವರಿನ ಹೆಂಗಸರು ಕೂತಲ್ಲಿಂದಲೇ ಸೇರಿದರು. ವೇದಿಕೆಯ ಮೇಲೆ ಕಾವ್ಯ ಶಾಲು ತೆಗೆದು ಕುರ್ಚಿಗೆ ಹಾಕಿ ಎದ್ದಳು.

ಸೆಕ್ರೆಟರಿ ಸರ್ ಮೈಕಿನಲ್ಲಿ "ಸೌಂಡ್, ಸೌಂಡ್! ಏನ್ರೀ ಇದು, ಸೌಂಡ್ ಕೊಡ್ರೀ" ಅಂತ ಕೂಗುತ್ತಲೇ ಇದ್ದರು. ಅವ್ವ ಅವರ ಕಡೆ ತಿರುಗಿದಳು.

"ವಸಿ ಸುಮ್ಕಿರಿ ಸಾ, ಪದ ಏಳ್ತಾ ಇವ್ನಿ" ಅಂದಳು. ಆಮೇಲೆ ನನಗೆ, "ಎತ್ತು ಮಗ, ಇನ್ನೊಂದ್ ಸಾಲು" ಅಂದಳು.